ಫೈರ್ ಅಲಾರಂ ಹಳೆಯದಾಯ್ತು: ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ, ಮೆಟ್ರೋದಲ್ಲಿ, ಅಡುಗೆ ಮನೆಯಲ್ಲಿ, ಎಲ್ಲೇ ಇದ್ದು ಕೇಳ್ತಿದ್ರೂ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಆಫೀಸು, ಪಿಜಿ ಅಥವಾ ಅಪಾರ್ಟ್‌ಮೆಂಟಿನ ಕಾರಿಡಾರ್ ನೆನಪಿಸಿಕೊಳ್ಳಿ. ಸೀಲಿಂಗಲ್ಲಿ ಬಿಳೀ ಬಣ್ಣದ, ಇಡ್ಲಿ ಗಾತ್ರದ ಒಂದು ಡಬ್ಬಿ ಇರುತ್ತಲ್ಲ, ಅದೇ ಸ್ಮೋಕ್ ಡಿಟೆಕ್ಟರ್. ಅದು ಕೆಲಸ ಮಾಡ್ತಿದೆಯಾ? ನಿಮಗೆ ಗೊತ್ತಾ?

ನನಗೂ ಗೊತ್ತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಗಿದ್ದೂ ಗೊತ್ತಿರಲಿಲ್ಲ. ಇವತ್ತಿನ ಕಥೆ ಅಲ್ಲಿಂದಲೇ ಶುರು.

ಒಂದು ಶುಕ್ರವಾರ, ಒಂದು ಬಟನ್

ನಮ್ಮದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟ್. ಹತ್ತು ಮಹಡಿ, 80 ಮನೆ. ಬಿಲ್ಡರ್ ಹಾಕಿಕೊಟ್ಟ ಫೈರ್ ಅಲಾರಂಗೆ ಹದಿನಾರು ವರ್ಷ. ಎರಡು ವರ್ಷದಿಂದ ಅದು ಸುಮ್ಮಸುಮ್ಮನೆ ಕೂಗ್ತಿತ್ತು. ಮೊದಲೆಲ್ಲ ಜನ ಹೊರಗೆ ಓಡಿ ಬರ್ತಿದ್ರು. ಆಮೇಲೆ ಬಾಗಿಲು ತೆಗೆದು ಇಣುಕಿ ನೋಡೋಕೆ ಶುರು ಮಾಡಿದ್ರು. ಕೊನೆಗೆ ಟೀವಿ ವಾಲ್ಯೂಮ್ ಜಾಸ್ತಿ ಮಾಡ್ಕೊಳ್ತಿದ್ರು. ತೋಳ ಬಂತು ತೋಳ ಕಥೆ ಗೊತ್ತಲ್ಲ, ಅದೇ.

ವರಮಹಾಲಕ್ಷ್ಮಿ ಹಬ್ಬದ ದಿನ ಏಳನೇ ಮಹಡಿಯ ಅಲಾರಂ ಮೂರು ಸಲ ಹೊಡ್ಕೊಳ್ತು. ಮನೆ ತುಂಬ ನೆಂಟರು, ಮಕ್ಕಳ ಅಳು, ವಾಟ್ಸಾಪ್ ಗ್ರೂಪಲ್ಲಿ ಬೈಗುಳ. ನಾನು ಸೆಕ್ಯುರಿಟಿಗೆ ಫೋನ್ ಮಾಡಿ, "ಇವತ್ತೊಂದಿನ ಏಳನೇ ಮಹಡೀದು ಆಫ್ ಮಾಡಿಬಿಡಪ್ಪ" ಅಂದೆ. ಅವರು ಪ್ಯಾನಲ್‌ನಲ್ಲಿ ಆ ಝೋನ್ ಅನ್ನು ಡಿಸೇಬಲ್ ಮಾಡಿದರು. ಒಂದು ಹಳದಿ ದೀಪ ಹತ್ತಿಕೊಂಡಿತು. ನಾನು ಮರೆತೆ. ಅವರ ಶಿಫ್ಟ್ ಬದಲಾಯ್ತು. ಎಲ್ಲರೂ ಮರೆತರು.

ಇಪ್ಪತ್ತಮೂರು ದಿನ ಆದಮೇಲೆ, ಬೆಳಗಿನ ಜಾವ, ಹಾಲು ಹಾಕಲು ಬಂದ ಹುಡುಗ ಏಳನೇ ಮಹಡಿಯಲ್ಲಿ ಸುಟ್ಟ ವಾಸನೆ ಬರ್ತಿದೆ ಅಂತ ಗೇಟಿಗೆ ಓಡಿ ಬಂದ. ಕಾರಿಡಾರ್ ಪಕ್ಕದ ಎಲೆಕ್ಟ್ರಿಕಲ್ ಡಕ್ಟ್ ತೆಗೆದರೆ ಒಳಗೆ ಹೊಗೆ. ಸಡಿಲವಾದ ಒಂದು ಜಾಯಿಂಟ್ ಬಿಸಿಯಾಗಿ ಕೇಬಲ್ ಮೇಲಿನ ಪ್ಲಾಸ್ಟಿಕ್ ಕರಗಿ, ಹೊಗೆಯಾಡ್ತಾ ಇತ್ತು. ಕರೆಂಟ್ ಕಡಿತ ಮಾಡಿದರು, ಅಷ್ಟಕ್ಕೇ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಆ ಡಕ್ಟ್ ಒಳಗೆ ಒಂದು ಡಿಟೆಕ್ಟರ್ ಇತ್ತು. ಅದು ಸೇರಿದ್ದು ಏಳನೇ ಮಹಡಿಯ ಝೋನ್‌ಗೆ, ಅಂದರೆ ನಾನು ಆಫ್ ಮಾಡಿಸಿದ್ದ ಝೋನ್‌ಗೆ. ಆ ಡಕ್ಟ್‌ನಿಂದ ಎರಡನೇ ಬಾಗಿಲು ನಮ್ಮ ಮನೆ. ಒಳಗೆ 74 ವರ್ಷದ ನನ್ನ ಅಪ್ಪ ಮಲಗಿದ್ದರು. ರಾತ್ರಿ ಹಿಯರಿಂಗ್ ಏಡ್ ತೆಗೆದಿಟ್ಟೇ ಮಲಗ್ತಾರೆ.

ಅವತ್ತಿನಿಂದ ನಾನು ಈ ವಿಷಯ ಕಲಿಯೋಕೆ ಕೂತೆ.

ಡಬ್ಬಿ ಒಳಗೆ ಏನಿದೆ?

ಇವತ್ತು ಹೆಚ್ಚಾಗಿ ಬಳಕೆಯಲ್ಲಿರೋದು ಆಪ್ಟಿಕಲ್ ಡಿಟೆಕ್ಟರ್. ಒಳಗೆ ಒಂದು ಕತ್ತಲೆ ಕೋಣೆ. ಒಂದು ಕಡೆ ಪುಟ್ಟ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಗುರುತಿಸೋ ಸೆನ್ಸರ್. ಎರಡೂ ಒಂದಕ್ಕೊಂದು ನೇರ ಎದುರಾಗಿ ಇರೋದಿಲ್ಲ. ಹಾಗಾಗಿ ಸಾಮಾನ್ಯ ಸ್ಥಿತಿಯಲ್ಲಿ ಬೆಳಕು ಸೆನ್ಸರ್‌ಗೆ ತಲುಪಲ್ಲ. ಹೊಗೆ ಒಳಗೆ ಬಂದಾಗ ಅದರ ಕಣಗಳಿಗೆ ಬಡಿದು ಬೆಳಕು ಚದುರುತ್ತೆ, ಸ್ವಲ್ಪ ಸೆನ್ಸರ್ ಮೇಲೆ ಬೀಳುತ್ತೆ. ಬಾಗಿಲ ಸಂದಿಯಿಂದ ಬಿಸಿಲು ಬಿದ್ದಾಗ ಧೂಳು ಮಿನುಗುತ್ತಲ್ಲ, ಅದೇ ತತ್ವ.

ಸಮಸ್ಯೆ ಏನಂದ್ರೆ, ಆ ಸೆನ್ಸರ್‌ಗೆ ಹೊಗೆ ಯಾವುದು, ಧೂಳು ಯಾವುದು ಅಂತ ಗೊತ್ತಾಗಲ್ಲ. ಹತ್ತಾರು ವರ್ಷ ಬೆಂಗಳೂರಿನ ಧೂಳು ಒಳಗೆ ಕೂತರೆ, ಸ್ವಲ್ಪ ಏನಾದರೂ ಸಾಕು, ಕೂಗುತ್ತೆ. ಪುಟ್ಟ ಹುಳ ಹೋದರೂ ಕೂಗುತ್ತೆ, ಗೀಸರ್ ಹಬೆಗೂ ಕೂಗುತ್ತೆ. ಇದರ ಉಲ್ಟಾನೂ ಆಗಬಹುದು: ಒಳಗೆ ಹೊಗೆ ಹೋಗೋ ಜಾಲರಿಯೇ ಮುಚ್ಚಿಹೋಗಿ, ನಿಜವಾಗಿ ಬೆಂಕಿ ಬಿದ್ದಾಗ ಸುಮ್ಮನಿರಬಹುದು. ಕೂಗುವ ಡಿಟೆಕ್ಟರ್ ಕನಿಷ್ಠ ತಾನು ಕೆಟ್ಟಿದ್ದೀನಿ ಅಂತ ಹೇಳುತ್ತೆ. ಸುಮ್ಮನಿರುವ ಡಿಟೆಕ್ಟರ್ ಅದನ್ನೂ ಹೇಳಲ್ಲ.

ಅದಕ್ಕೇ ಇದಕ್ಕೂ ವಯಸ್ಸಿನ ಮಿತಿ ಇದೆ. ಮನೆಯೊಳಗೆ ಹಾಕುವ ಸ್ಮೋಕ್ ಅಲಾರಂಗಳನ್ನು ತಯಾರಾದ ದಿನದಿಂದ 10 ವರ್ಷಕ್ಕೆ ಬದಲಾಯಿಸಬೇಕು ಅನ್ನುತ್ತೆ ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆ. ಗಮನಿಸಿ, ಹಾಕಿದ ದಿನದಿಂದ ಅಲ್ಲ, ತಯಾರಾದ ದಿನದಿಂದ. ಆ ತಾರೀಖು ಡಬ್ಬಿಯ ಹಿಂದೆ ಇರುತ್ತೆ. ದೊಡ್ಡ ಕಟ್ಟಡಗಳ ಡಿಟೆಕ್ಟರ್‌ಗಳನ್ನು ಟೆಸ್ಟ್ ಮಾಡಿ, ಸರಿಯಿದ್ದರೆ ಮುಂದುವರಿಸಬಹುದು. ಆದರೆ ಹದಿನಾರು ವರ್ಷದ್ದನ್ನು ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ನಮ್ಮಲ್ಲಿ ಇದಕ್ಕೆಲ್ಲ ಆಧಾರ ಐಎಸ್ 2189 ಅನ್ನೋ ಭಾರತೀಯ ಮಾನಕ, ಜೊತೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ.

ಹಳೇ ಸಿಸ್ಟಂ, ಹೊಸ ಸಿಸ್ಟಂ: ವ್ಯತ್ಯಾಸ ಏನು?

ನಮ್ಮಲ್ಲಿದ್ದದ್ದು ಕನ್ವೆನ್ಷನಲ್ ಸಿಸ್ಟಂ. ಇದರಲ್ಲಿ ಒಂದು ಮಹಡಿಯ ಎಲ್ಲ ಡಿಟೆಕ್ಟರ್‌ಗಳೂ ಒಂದೇ ವೈರಿನಲ್ಲಿ, ಹಬ್ಬದ ಸೀರಿಯಲ್ ಸೆಟ್ ಹಾಗೆ ಸಾಲಾಗಿ ಇರುತ್ತವೆ. ವೈರಿನ ಕೊನೆಯಲ್ಲಿ ಒಂದು ರೆಸಿಸ್ಟರ್. ಪ್ಯಾನಲ್ ಸಣ್ಣ ಕರೆಂಟ್ ಕಳಿಸ್ತಾ ಇರುತ್ತೆ. ಕರೆಂಟ್ ನಿಂತರೆ ವೈರ್ ತುಂಡಾಗಿದೆ ಅಂತ ಫಾಲ್ಟ್ ತೋರಿಸುತ್ತೆ, ಜಾಸ್ತಿ ಆದರೆ ಯಾವುದೋ ಡಿಟೆಕ್ಟರ್ ಹೊಡ್ಕೊಂಡಿದೆ ಅಂತ ಅಲಾರಂ. ಸರಳ, ಗಟ್ಟಿ, ಅಗ್ಗ. ಆದರೆ ಪ್ಯಾನಲ್ ಹೇಳೋದು "ಏಳನೇ ಮಹಡಿ" ಅಂತ ಮಾತ್ರ. ಯಾವ ಡಿಟೆಕ್ಟರ್ ಅಂತ ಹೇಳಲ್ಲ. ಆಫ್ ಮಾಡಿದರೂ ಇಡೀ ಮಹಡಿಯೇ ಆಫ್.

ಅಡ್ರೆಸಬಲ್ ಸಿಸ್ಟಂನಲ್ಲಿ ಪ್ರತಿ ಡಿಟೆಕ್ಟರ್‌ಗೂ ಮನೆ ನಂಬರ್ ತರಹ ಒಂದು ವಿಳಾಸ. ಪ್ಯಾನಲ್ ಒಬ್ಬೊಬ್ಬರ ಹೆಸರು ಕರೆದು ಹಾಜರಿ ತಗೊಳ್ಳುತ್ತೆ. "ಏಳನೇ ಮಹಡಿ, ಎಲೆಕ್ಟ್ರಿಕಲ್ ಡಕ್ಟ್" ಅಂತ ಪರದೆಯಲ್ಲಿ ಬರುತ್ತೆ. ಒಂದೇ ಒಂದು ಡಿಟೆಕ್ಟರ್ ಆಫ್ ಮಾಡಿ, ಉಳಿದಿದ್ದೆಲ್ಲ ಆನ್ ಇಡಬಹುದು. ಕೆಲವದರಲ್ಲಿ ಧೂಳು ಎಷ್ಟು ಸೇರಿದೆ ಅನ್ನೋದೂ ಗೊತ್ತಾಗುತ್ತೆ, ಕೂಗುವ ಮೊದಲೇ "ನನ್ನನ್ನು ಕ್ಲೀನ್ ಮಾಡಿ" ಅಂತ ಕೇಳುತ್ತೆ.

ನನ್ನ ತಪ್ಪು ಎಷ್ಟು ದೊಡ್ಡದು ಅಂತ ಅರ್ಥ ಆಗಿದ್ದು ಇಲ್ಲೇ. ನಾನು ಬಾಯಿ ಮುಚ್ಚಿಸೋಕೆ ಹೊರಟಿದ್ದು ಒಂದು ಡಿಟೆಕ್ಟರ್‌ನದು. ಬಾಯಿ ಮುಚ್ಚಿದ್ದು ಇಡೀ ಮಹಡಿಯದು.

ಮೊದಲ ಪ್ರಶ್ನೆ: ಕೂಗೋದು ಯಾಕೆ?

ಎಲ್ಲರೂ ನೇರವಾಗಿ ದುಡ್ಡಿನ ಲೆಕ್ಕಕ್ಕೆ ಇಳಿತಾರೆ. ಅದಕ್ಕೂ ಮೊದಲು ಲಾಗ್ ಬುಕ್ ನೋಡಿ. ಗೇಟಿನಲ್ಲಿ ಒಂದು ರಿಜಿಸ್ಟರ್ ಇರುತ್ತೆ, ಯಾವಾಗ ಅಲಾರಂ ಆಯ್ತು ಅಂತ ಬರೆದಿರ್ತಾರೆ. ನಾವು ಒಂದು ವರ್ಷದ್ದು ತೆಗೆದು ಎಕ್ಸೆಲ್‌ನಲ್ಲಿ ಹಾಕಿದೆವು. 31 ಸಲ. ಅದರಲ್ಲಿ ಬೇಸ್‌ಮೆಂಟ್ 14, ಏಳನೇ ಮಹಡಿ 9, ಉಳಿದದ್ದು 8.

ಏಳನೇ ಮಹಡಿಯ ಒಂಬತ್ತರಲ್ಲಿ ಎಂಟು ಶುಕ್ರವಾರ ಸಂಜೆ! ಹೋಗಿ ನೋಡಿದರೆ, ಒಂದು ಡಿಟೆಕ್ಟರ್ ಇರೋದು ಸರಿಯಾಗಿ ಒಬ್ಬರ ಮನೆ ಬಾಗಿಲ ನೆತ್ತಿಯ ಮೇಲೆ. ಅವರು ಪ್ರತಿ ಶುಕ್ರವಾರ ಸಾಂಬ್ರಾಣಿ ಹಾಕ್ತಾರೆ, ಬಾಗಿಲು ತೆರೆದಿಟ್ಟು. ಪಾಪ, ಡಿಟೆಕ್ಟರ್ ತನ್ನ ಕೆಲಸ ತಾನು ನಿಯತ್ತಾಗಿ ಮಾಡ್ತಿತ್ತು. ಅದು ಕೆಟ್ಟಿರಲಿಲ್ಲ, ಜಾಗ ತಪ್ಪಾಗಿತ್ತು. ಹನ್ನೆರಡು ಲಕ್ಷ ಖರ್ಚು ಮಾಡಿ ಹೊಸದು ತಂದು ಅದೇ ಜಾಗಕ್ಕೆ ಹಾಕಿದ್ದರೆ, ಮುಂದಿನ ಶುಕ್ರವಾರ ಅದೂ ಕೂಗ್ತಿತ್ತು.

ಬೇಸ್‌ಮೆಂಟ್ ಕಥೆ ಬೇರೆ. ಅಲ್ಲಿ ಮಳೆ ಬಂದ ಮರುದಿನ ಕೂಗ್ತಿತ್ತು. ಗೋಡೆಯಿಂದ ನೀರು ಇಳಿದು ಜಂಕ್ಷನ್ ಬಾಕ್ಸ್ ಒಳಗೆ ಹಸಿರು ತುಕ್ಕು. ಅಲ್ಲಿ ವೈರೇ ಹೋಗಿತ್ತು. ಉಳಿದ ಎಂಟಕ್ಕೆ ಗೊತ್ತಾದ ಕಾರಣ ಇಲ್ಲ. ಅದು ವಯಸ್ಸು.

ಅಂದರೆ ಒಂದೇ ಕಾಯಿಲೆ ಅಂತ ನಾವು ಅಂದುಕೊಂಡಿದ್ದರಲ್ಲಿ ಮೂರು ಕಾಯಿಲೆ ಇತ್ತು. ಜಾಗದ ಸಮಸ್ಯೆಗೆ ಜಾಗ ಬದಲಿಸಬೇಕು. ವೈರಿನ ಸಮಸ್ಯೆಗೆ ವೈರ್ ಬದಲಿಸಬೇಕು. ವಯಸ್ಸಿನ ಸಮಸ್ಯೆಗೆ ಮಾತ್ರ ಹೊಸ ಡಿಟೆಕ್ಟರ್.

ರಿಪೇರಿ ಸಾಕು ಅನ್ನೋದು ಯಾವಾಗ?

ಪ್ಯಾನಲ್‌ನಲ್ಲಿ ಫಾಲ್ಟ್ ಬಂದ ತಕ್ಷಣ ಇಡೀ ಸಿಸ್ಟಂ ಹೋಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಬ್ಯಾಟರಿ ನೋಡಿಸಿ. ಪ್ಯಾನಲ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಸೀಲ್ಡ್ ಬ್ಯಾಟರಿ ಸೇರಿ 24 ವೋಲ್ಟ್ ಕೊಡ್ತವೆ. ಆಯಸ್ಸು ಮೂರರಿಂದ ಐದು ವರ್ಷ. ಕರೆಂಟ್ ಹೋದಾಗ 24 ಗಂಟೆ ಕಾವಲು ಕಾದು, ಆಮೇಲೂ ಅರ್ಧ ಗಂಟೆ ಹೂಟರ್ ಕೂಗಿಸುವಷ್ಟು ಶಕ್ತಿ ಇರಬೇಕು ಅನ್ನೋದು ವಿನ್ಯಾಸದಲ್ಲಿ ಹಾಕೋ ಸಾಮಾನ್ಯ ಲೆಕ್ಕ. ನಮ್ಮದು ಮೇನ್ಸ್ ಆಫ್ ಮಾಡಿದ ಹನ್ನೊಂದು ನಿಮಿಷಕ್ಕೆ ಸತ್ತುಹೋಯ್ತು. ಬ್ಯಾಟರಿ ಬದಲಿಸೋದು ಕೆಲವೇ ಸಾವಿರದ ಕೆಲಸ. ಅದನ್ನು ಮೀಟಿಂಗ್‌ಗೆ ಕಾಯದೆ ಅವತ್ತೇ ಮಾಡಿಸಿದೆವು.

ಸಿಸ್ಟಂಗೆ ಹತ್ತು ವರ್ಷ ಆಗಿಲ್ಲ, ಬಿಡಿಭಾಗ ಸಿಗುತ್ತೆ, ತೊಂದರೆ ಒಂದೆರಡು ಜಾಗಕ್ಕೆ ಸೀಮಿತ, ವೈರ್ ಗಟ್ಟಿಯಾಗಿದೆ ಅಂದರೆ ರಿಪೇರಿ ಮಾಡಿಸಿ. ಡಿಟೆಕ್ಟರ್ ಕ್ಲೀನ್ ಮಾಡಿಸಿ, ಕೆಟ್ಟದ್ದು ಬದಲಿಸಿ, ಬ್ಯಾಟರಿ ಹಾಕಿಸಿ. ಅಷ್ಟೇ.

ಬದಲಾಯಿಸಲೇಬೇಕು ಅನ್ನೋದು ಯಾವಾಗ?

ಮೊದಲ ಲಕ್ಷಣ, ಬಿಡಿಭಾಗ ಸಿಗದೇ ಇರೋದು. ನಮ್ಮ ಪ್ಯಾನಲ್‌ನ ಒಂದು ಕಾರ್ಡ್ ಹೋಗಿತ್ತು. ಆ ಮಾಡೆಲ್ ತಯಾರಿಕೆ ನಿಂತುಹೋಗಿದೆ. ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ತಂದು ಹಾಕ್ತೀವಿ ಅಂದರು. ಇನ್ನೊಂದು ಕಟ್ಟಡದಿಂದ ಕಿತ್ತ ಕಾರ್ಡ್ ಮೇಲೆ 80 ಮನೆಗಳ ಜೀವ ಬಿಡೋದಾ?

ಎರಡನೇದು, ಕಟ್ಟಡ ಬದಲಾಗಿರೋದು. ಹದಿನಾರು ವರ್ಷದ ಹಿಂದೆ ನಮ್ಮ ಬೇಸ್‌ಮೆಂಟಲ್ಲಿ ಪೆಟ್ರೋಲ್ ಸ್ಕೂಟರ್ ಇದ್ದವು. ಈಗ ಒಂದು ಸಾಲು ಪೂರ್ತಿ ಇವಿ ಚಾರ್ಜಿಂಗ್ ಪಾಯಿಂಟ್. ಲಾಬಿಗೆ ಫಾಲ್ಸ್ ಸೀಲಿಂಗ್ ಮಾಡಿಸಿದ್ದೀವಿ, ಹಳೇ ಡಿಟೆಕ್ಟರ್ ಅದರ ಮೇಲೆ ಕತ್ತಲಲ್ಲಿ ಒಂಟಿಯಾಗಿ ಕೂತಿದೆ. ಮೂರು ಡಿಟೆಕ್ಟರ್‌ಗೆ ಪೇಂಟರ್ ಬಣ್ಣ ಬಳಿದಿದ್ದ. ಎರಡರ ಮೇಲೆ ಧೂಳು ತಡೆಯೋ ಪ್ಲಾಸ್ಟಿಕ್ ಮುಚ್ಚಳ ಬಿಲ್ಡರ್ ಕಾಲದಿಂದಲೂ ಹಾಗೇ ಇತ್ತು. ಹದಿನಾರು ವರ್ಷ ಅವು ಮೂಗು ಮುಚ್ಚಿಕೊಂಡೇ ಕಾವಲು ಕಾದಿದ್ದವು.

ಮೂರನೇದು, ಜನರಿಗೆ ಕೇಳಿಸದೇ ಇರೋದು. ಮಲಗಿದವರನ್ನು ಎಬ್ಬಿಸಬೇಕಾದ ಕಡೆ ದಿಂಬಿನ ಹತ್ತಿರ 75 ಡೆಸಿಬಲ್ ಸದ್ದು ಇರಬೇಕು ಅನ್ನೋದು ನಿಯಮ. ನಮ್ಮ ಹೂಟರ್ ಕಾರಿಡಾರಲ್ಲಿದೆ. ಮಧ್ಯೆ ಮುಖ್ಯ ಬಾಗಿಲು, ಆಮೇಲೆ ಬೆಡ್‌ರೂಂ ಬಾಗಿಲು, ಮೇಲೆ ಎಸಿ ಸದ್ದು. ಫೋನ್ ಆ್ಯಪ್‌ನಲ್ಲಿ ಅಂದಾಜಿಗೆ ಅಳೆದು ನೋಡಿದೆ, ನನ್ನ ಅಪ್ಪನ ರೂಮಿನಲ್ಲಿ 50 ಕೂಡ ದಾಟಲಿಲ್ಲ. ಆ್ಯಪ್ ನಿಖರ ಅಲ್ಲ, ಒಪ್ತೀನಿ. ಆದರೆ ಅಪ್ಪನಿಗೆ ಎಷ್ಟು ಡೆಸಿಬಲ್ ಇದ್ದರೂ ಅಷ್ಟೇ. ಅಂಥವರಿಗೆ ಬೇಕಾಗಿರೋದು ಮಿನುಗುವ ದೀಪ, ದಿಂಬಿನ ಕೆಳಗೆ ಅದುರುವ ಪ್ಯಾಡ್.

ನಾಲ್ಕನೇದು, ಎಲ್ಲರೂ ನಂಬಿಕೆ ಕಳೆದುಕೊಂಡಿರೋದು. ಇದನ್ನು ಯಾವ ಕೊಟೇಶನ್‌ನಲ್ಲೂ ಬರೆದಿರಲ್ಲ. ಆದರೆ ಅಲಾರಂ ಕೇಳಿ ಯಾರೂ ಎದ್ದು ಬರಲ್ಲ ಅಂದರೆ, ಆ ಅಲಾರಂ ಇದ್ದೂ ಇಲ್ಲದ ಹಾಗೆ.

ಈಗ ದುಡ್ಡಿನ ಮಾತು

ನಮಗೆ ಬಂದ ಕೊಟೇಶನ್ ಮೂರು ಬಗೆ. ನಿಮ್ಮ ಕಟ್ಟಡಕ್ಕೆ ಅಂಕಿ ಬೇರೆ ಇರುತ್ತೆ, ಲೆಕ್ಕ ಹಾಕೋ ರೀತಿ ನೋಡಿ.

ಒಂದು, ಬರೀ ರಿಪೇರಿ: 1.6 ಲಕ್ಷ. ಮನೆಗೆ 2,000 ರೂಪಾಯಿ.
ಎರಡು, ಕೇಬಲ್ ಉಳಿಸಿಕೊಂಡು ಹೊಸ ಕನ್ವೆನ್ಷನಲ್ ಪ್ಯಾನಲ್, ಹೊಸ ಡಿಟೆಕ್ಟರ್: 5.6 ಲಕ್ಷ. ಮನೆಗೆ 7,000.
ಮೂರು, ಪೂರ್ತಿ ಅಡ್ರೆಸಬಲ್: 12 ಲಕ್ಷ. ಮನೆಗೆ 15,000.

ಮೀಟಿಂಗ್‌ನಲ್ಲಿ ಮೊದಲ ಕೈ ಎದ್ದಿದ್ದು ರಿಪೇರಿಗೆ, ಸಹಜವೇ. ಆಗ ಒಬ್ಬರು ಕೇಳಿದರು: "ಈ ಎರಡು ಸಾವಿರ ಕೊಟ್ಟರೆ ಎಷ್ಟು ವರ್ಷ ಬರುತ್ತೆ?" ರಿಪೇರಿ ಮಾಡುವವರು ಆರು ತಿಂಗಳ ವಾರಂಟಿ ಕೊಡ್ತೀವಿ ಅಂದರು. ಎರಡು ಸಾವಿರವನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 333 ರೂಪಾಯಿ. ಹದಿನೈದು ಸಾವಿರವನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 125. ಆಮೇಲೆ ಚರ್ಚೆಯ ದಿಕ್ಕೇ ಬದಲಾಯ್ತು. ರಿಪೇರಿ ಆರು ತಿಂಗಳಿಗಿಂತ ಜಾಸ್ತಿ ಬರಬಹುದು, ನಿಜ. ಆದರೆ ಬರುತ್ತೆ ಅಂತ ಬರೆದು ಕೊಡೋರು ಯಾರೂ ಇರಲಿಲ್ಲ.

ಎರಡನೇ ಆಯ್ಕೆಯೂ ಕೆಟ್ಟದ್ದಲ್ಲ. ಚಿಕ್ಕ ಕಟ್ಟಡ, ನಾಲ್ಕು ಮಹಡಿ, ಒಂದೇ ಕಾರಿಡಾರ್ ಅಂದರೆ ನಾನೇ ಅದನ್ನು ಆರಿಸ್ತಿದ್ದೆ. ಅದಕ್ಕೆ ಒಂದು ಷರತ್ತು, ಕೇಬಲ್ ಗಟ್ಟಿ ಇರಬೇಕು. ಮೆಗ್ಗರ್ ಅನ್ನೋ ಉಪಕರಣದಿಂದ ಇನ್ಸುಲೇಷನ್ ಟೆಸ್ಟ್ ಮಾಡಿಸಿ. ಅದಕ್ಕೂ ಮುಂಚೆ ಡಿಟೆಕ್ಟರ್, ಪ್ಯಾನಲ್ ಎರಡನ್ನೂ ವೈರಿನಿಂದ ಬಿಡಿಸಬೇಕು, ಇಲ್ಲದಿದ್ದರೆ ಆ ಹೈ ವೋಲ್ಟೇಜ್‌ಗೆ ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತೆ. ನಮ್ಮಲ್ಲಿ ಮಹಡಿಗಳ ಕೇಬಲ್ ಪಾಸ್, ಬೇಸ್‌ಮೆಂಟ್ ಫೇಲ್.

ಕೊನೆಗೆ ನಾವು ಮೂರನೇದನ್ನೇ ಎರಡು ಕಂತಿನಲ್ಲಿ ಮಾಡೋಣ ಅಂತ ತೀರ್ಮಾನಿಸಿದೆವು. ಈ ವರ್ಷ ಅಡ್ರೆಸಬಲ್ ಪ್ಯಾನಲ್, ಬೇಸ್‌ಮೆಂಟ್, ಎಲ್ಲ ಎಲೆಕ್ಟ್ರಿಕಲ್ ಡಕ್ಟ್, ಮೇಲಿನ ಐದು ಮಹಡಿ. ಕೆಳಗಿನ ಐದು ಮಹಡಿಯ ಹಳೇ ಝೋನ್‌ಗಳನ್ನು, ಟೆಸ್ಟ್‌ನಲ್ಲಿ ಪಾಸಾದ ಡಿಟೆಕ್ಟರ್ ಇಟ್ಟುಕೊಂಡು, ಒಂದು ಇಂಟರ್ಫೇಸ್ ಮಾಡ್ಯೂಲ್ ಮೂಲಕ ಹೊಸ ಪ್ಯಾನಲ್‌ಗೆ ಜೋಡಿಸೋದು. ಮುಂದಿನ ವರ್ಷ ಅವನ್ನೂ ಬದಲಿಸೋದು. ಹಳೇ ಡಿಟೆಕ್ಟರ್ ಹೊಸ ಮಾಡ್ಯೂಲ್ ಜೊತೆ ಹೊಂದುತ್ತೆ ಅಂತ ಕಂಪನಿಯಿಂದ ಬರಹದಲ್ಲಿ ತಗೊಂಡೆವು.

ಸಹಿ ಹಾಕೋ ಮುಂಚೆ ಕೇಳಿ

ಪ್ಯಾನಲ್ ಓಪನ್ ಪ್ರೋಟೋಕಾಲಾ, ಕ್ಲೋಸ್ಡಾ? ಕ್ಲೋಸ್ಡ್ ಆದರೆ ಮುಂದೆ ಪ್ರತಿ ಡಿಟೆಕ್ಟರನ್ನೂ ಅವರ ಹತ್ತಿರವೇ, ಅವರು ಹೇಳಿದ ಬೆಲೆಗೇ ತಗೋಬೇಕು. ಪಾಸ್‌ವರ್ಡ್, ಪ್ರೋಗ್ರಾಂ ಫೈಲ್ ಯಾರ ಹತ್ತಿರ ಇರುತ್ತೆ? ಸಂಘದ ಹತ್ತಿರ ಇರಲೇಬೇಕು. ಬಿಡಿಭಾಗ ಎಷ್ಟು ವರ್ಷ ಸಿಗುತ್ತೆ?

ಇನ್ನೊಂದು, ಯಾರೂ ಕೇಳದ ಪ್ರಶ್ನೆ: ಹಳೇದು ಕಿತ್ತು ಹೊಸದು ಹಾಕೋ ದಿನಗಳಲ್ಲಿ ಕಾವಲು ಯಾರು? ಅಲಾರಂ 24 ಗಂಟೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಬಂದ್ ಆದರೆ ಜನರನ್ನು ತೆರವು ಮಾಡಿ, ಇಲ್ಲವೇ ಬೆಂಕಿ ಕಾವಲಿಗೆ ಆಳು ನಿಲ್ಲಿಸಿ ಅನ್ನುತ್ತೆ ಅಮೆರಿಕದ ಎನ್‌ಎಫ್‌ಪಿಎ 101. ನಾವು ಆ ದಿನಗಳಲ್ಲಿ ರಾತ್ರಿ ಇಬ್ಬರನ್ನು ಮಹಡಿ ಮಹಡಿ ಸುತ್ತೋಕೆ ಹಾಕಿದೆವು.

ಹಳೇ ಡಿಟೆಕ್ಟರ್‌ಗಳನ್ನು ಗುಜರಿಗೆ ಹಾಕಬೇಡಿ. ಕೆಲವು ಹಳೇ ಅಯಾನೈಸೇಷನ್ ಡಿಟೆಕ್ಟರ್‌ಗಳಲ್ಲಿ ಅಮೆರಿಷಿಯಂ 241 ಅನ್ನೋ ವಿಕಿರಣಶೀಲ ವಸ್ತು ಚೂರು ಇರುತ್ತೆ. ಸೀಲಿಂಗಲ್ಲಿ ಇದ್ದಷ್ಟು ದಿನ ಭಯ ಇಲ್ಲ, ಆದರೆ ಒಡೆಯೋದು, ಸುಡೋದು ಮಾಡಬಾರದು. ತಯಾರಕರಿಗೇ ವಾಪಸ್ ಕೊಡಬೇಕು.

ಇದೆಲ್ಲ ಯಾಕೆ ಹೇಳ್ತಿದ್ದೀನಿ?

2010ರ ಫೆಬ್ರುವರಿ 23. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ಕಟ್ಟಿಹಾಕಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. 2025ರ ನವೆಂಬರ್ 26ರಂದು ಹಾಂಗ್‌ಕಾಂಗ್‌ನ ವಾಂಗ್ ಫುಕ್ ಕೋರ್ಟ್ ವಸತಿ ಸಮುಚ್ಚಯಕ್ಕೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪರೀಕ್ಷೆ ಮಾಡಿದಾಗ ಎಂಟೂ ಕಟ್ಟಡಗಳ ಅಲಾರಂ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ ಅಂತ ಅಲ್ಲಿನ ಅಗ್ನಿಶಾಮಕ ಇಲಾಖೆ ಹೇಳಿತು. ಅಲಾರಂ ಎಲ್ಲ ಕಟ್ಟಡದಲ್ಲೂ ಇತ್ತು. ಇದ್ದರೆ ಸಾಲದು.

ನೀವು ಬಾಡಿಗೆಗೆ ಇರಬಹುದು, ಪಿಜಿಯಲ್ಲಿರಬಹುದು. "ನನ್ನ ಕೈಲೇನಿದೆ" ಅನ್ನಬೇಡಿ. ಇವತ್ತು ಸಂಜೆ ಮನೆಗೆ ಹೋಗುವಾಗ ಗೇಟ್ ಹತ್ತಿರದ ಪ್ಯಾನಲ್ ನೋಡಿ. ಹಸಿರು ದೀಪ ಮಾತ್ರ ಇದ್ದರೆ ಒಳ್ಳೇದು. ಹಳದಿ ಇದ್ದರೆ ಫಾಲ್ಟ್, ಇಲ್ಲವೇ ಯಾರೋ ಏನೋ ಆಫ್ ಮಾಡಿದ್ದಾರೆ ಅಂತ ಅರ್ಥ. ಫೋಟೋ ತೆಗೆದು ಗ್ರೂಪಿಗೆ ಹಾಕಿ, "ಇದು ಯಾಕೆ ಹಳದಿ ಇದೆ?" ಅಂತ ಒಂದೇ ಸಾಲು ಕೇಳಿ. ಅಗರಬತ್ತಿ ಹಿಡಿದು, ಪೇಪರ್ ಸುಟ್ಟು ಟೆಸ್ಟ್ ಮಾಡೋಕೆ ಹೋಗಬೇಡಿ, ಮಸಿ ಒಳಗೆ ಕೂತು ಅದೇ ಹಾಳಾಗುತ್ತೆ. ಅದಕ್ಕೆ ಅಂತಲೇ ಟೆಸ್ಟ್ ಸ್ಪ್ರೇ ಇದೆ, ತಂತ್ರಜ್ಞರು ಮಾಡಲಿ. ನಿಜವಾಗಿ ಹೊಗೆ ಕಂಡರೆ 101 ಅಥವಾ 112ಕ್ಕೆ ಫೋನ್ ಮಾಡಿ, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಇಳಿಯಿರಿ.

ನಮ್ಮ ಹೊಸ ಪ್ಯಾನಲ್ ಪಕ್ಕ ಈಗ ಒಂದು ರಟ್ಟು ನೇತಾಡ್ತಿದೆ. ಯಾರಾದರೂ ಏನನ್ನಾದರೂ ಡಿಸೇಬಲ್ ಮಾಡಿದರೆ ಅದರಲ್ಲಿ ಹೆಸರು, ಸಮಯ, ಮತ್ತೆ ಆನ್ ಮಾಡೋ ಸಮಯ ಬರೀಬೇಕು. ಮೊದಲ ಸಾಲು ನಾನೇ ಬರೆದೆ, ಹಳೇ ತಾರೀಖು ಹಾಕಿ: ವರಮಹಾಲಕ್ಷ್ಮಿ ಹಬ್ಬ, ಏಳನೇ ಮಹಡಿ, 23 ದಿನ. ಸಾಂಬ್ರಾಣಿ ಮನೆಯವರ ಡಿಟೆಕ್ಟರ್ ಈಗ ಬಾಗಿಲಿಂದ ದೂರ ಸರಿದಿದೆ. ಶುಕ್ರವಾರ ಸಂಜೆ ಕಾರಿಡಾರಲ್ಲಿ ಸಾಂಬ್ರಾಣಿ ಘಮ ಬರುತ್ತೆ, ಅಲಾರಂ ಸುಮ್ಮನಿರುತ್ತೆ. ಅಪ್ಪನ ದಿಂಬಿನ ಕೆಳಗೆ ಅದುರುವ ಪ್ಯಾಡ್ ಬಂದಿದೆ. ಮೊದಲ ಸಲ ಟೆಸ್ಟ್ ಮಾಡಿದಾಗ ಬೆಚ್ಚಿಬಿದ್ದು ಎದ್ದು ಕೂತು, "ಭೂಕಂಪಾನಾ?" ಅಂದ್ರು. ಎದ್ದರಲ್ಲ, ನನಗೆ ಅಷ್ಟು ಸಾಕು.

ಮುಂದಿನ ವಾರ ಸಿಗೋಣ. ಹೋಗ್ತಾ ಆ ಹಳದಿ ದೀಪ ನೋಡೋದು ಮರೀಬೇಡಿ.